ಗನಾಡೋದ ವರ್ತಕ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗವು ಮಳೆ ಕಡಮೆಯಾದ, ಕೆಂಬಂಡೆಗಳ ನಾಡು. ಅಲ್ಲಿಯ ನವಾಹೋ ಜನರಿಗೆ ಆ ಕಾಲದಲ್ಲಿ ಕುರಿಯೇ ಧನ, ಉಣ್ಣೆಯೇ ಬೆಳೆಯಾಗಿತ್ತು. ಅವರ ನಡುವೆ ಅರ್ಧಶತಮಾನಕ್ಕೂ ಮಿಕ್ಕು ಅಂಗಡಿಯಿಟ್ಟು, ಹೊಲ ಹೂಡಿ, ಮಂದೆ ಸಾಕಿ ಬಾಳಿದ ಜಾನ್ ಲೊರೆಂಜೊ ಹಬಲನ ಚರಿತ್ರೆಯು, ವಾಣಿಜ್ಯಕ್ಕೆ ವಿಶ್ವಾಸವೇ ಮೂಲಧನವೆಂಬುದನ್ನೂ ಆ ವಿಶ್ವಾಸದ ಮಿತಿಯನ್ನೂ ತಿಳಿಸುತ್ತದೆ.

1864ರಲ್ಲಿ ಅಮೆರಿಕದ ಸೈನ್ಯವು ನವಾಹೋ ಜನರ ಬೆಳೆಗಳನ್ನೂ ಮಂದೆಗಳನ್ನೂ ಹಾಳುಮಾಡಿ, ಅವರಲ್ಲಿ ಸಾವಿರಾರು ಮಂದಿಯನ್ನು ನೂರಾರು ಮೈಲಿ ನಡೆಯಿಸಿ ಬಾಸ್ಕೆ ರೆಡಾಂಡೊ ಎಂಬಲ್ಲಿ ಸೆರೆಯಿಟ್ಟಿತು. 1868ರ ಒಪ್ಪಂದದಿಂದ ಅವರು ಸ್ವದೇಶಕ್ಕೆ ಮರಳಿದರು. ಸೆರೆಯಲ್ಲಿ ರೂಢಿಯಾದ ಹಿಟ್ಟು, ಸಕ್ಕರೆ, ಕಾಫಿಗಳು ಅವರಿಗೆ ಈಗ ಬೇಕಾಗಿದ್ದುವು. ಇವನ್ನು ಕೊಟ್ಟು ಉಣ್ಣೆಯನ್ನು ಕೊಳ್ಳುವ ವರ್ತಕರಿಗೆ ಹೀಗೆ ಅವಕಾಶ ದೊರೆಯಿತು.

ಹಬಲನು 1853ರಲ್ಲಿ ನ್ಯೂಮೆಕ್ಸಿಕೋದ ಪಹರಿಟೊ ಗ್ರಾಮದಲ್ಲಿ ಹುಟ್ಟಿದನು. ತಂದೆ ಕನೆಕ್ಟಿಕಟ್ ಪ್ರಾಂತದಿಂದ ಬಂದವನು. ತಾಯಿ ಸ್ಪೇನ್ ಮೂಲದ ಮನೆತನದವಳು. 1878ರಲ್ಲಿ ಆತನು ಅರಿಜೋನಾದ ಗನಾಡೋದಲ್ಲಿ ಅಂಗಡಿಯನ್ನು ಕೊಂಡನು. ನವಾಹೋ ಭಾಷೆಯನ್ನು ಕಲಿತು ಗಿರಾಕಿಗಳೊಡನೆ ಅದರಲ್ಲಿಯೇ ಮಾತಾಡುತ್ತಿದ್ದನು. 1886ರಲ್ಲಿ ಸಿಡುಬು ಹಬ್ಬಿದಾಗ, ತನಗೆ ಮೊದಲೇ ಆ ರೋಗ ಬಂದು ಹೋಗಿದ್ದುದರಿಂದ ರೋಗಿಗಳ ಶುಶ್ರೂಷೆ ಮಾಡಿದೆನೆಂದು ಆತನೇ ಹೇಳಿಕೊಂಡಿದ್ದನು.

ವ್ಯಾಪಾರದ ಕ್ರಮವು ಋತುಗಳನ್ನು ಅನುಸರಿಸಿತ್ತು. ವಸಂತದಲ್ಲಿ ಉಣ್ಣೆ, ಶರತ್ಕಾಲದಲ್ಲಿ ಕುರಿಮರಿ ಬರುವುವು; ನಡುವಣ ತಿಂಗಳುಗಳಲ್ಲಿ ಸಾಲವೇ ಗತಿ. ಬೆಳ್ಳಿಯ ಒಡವೆಗಳನ್ನು ಗಿರವಿಯಿಟ್ಟು ಧಾನ್ಯ ಬಟ್ಟೆಗಳನ್ನು ಒಯ್ಯುವರು. ಹಬಲನು ಹೇಸರಗತ್ತೆಗಳ ಬಂಡಿಗಳನ್ನು ಗ್ಯಾಲಪ್ ರೈಲು ನಿಲ್ದಾಣಕ್ಕೆ ಓಡಿಸಿ ಉಣ್ಣೆಯನ್ನು ಕಳುಹಿಸಿ ಸರಕನ್ನು ತರಿಸುತ್ತಿದ್ದನು. ಆ ಪಶುಗಳ ಮೇವಿಗಾಗಿ ಕಾಲುವೆ ತೋಡಿಸಿ ಕುದುರೆಮೆಂತೆ ಬೆಳೆಯಿಸಿದನು.

ಆತನ ಖ್ಯಾತಿಗೆ ಮುಖ್ಯ ಕಾರಣ ಕಂಬಳಿ. ಒಳ್ಳೆಯ ನೂಲು, ಒಳ್ಳೆಯ ನೆಯ್ಗೆಗಳಿಗೆ ಹೆಚ್ಚಿನ ಬೆಲೆ ಕೊಟ್ಟು, ಹಳೆಯ ಮಾದರಿಗಳ ಸಣ್ಣ ಚಿತ್ರಗಳನ್ನು ಬರೆಯಿಸಿ ಗೋಡೆಗೆ ತೂಗಹಾಕಿದನು. ಕೆಂಪು ನೆಲದ ಮೇಲೆ ಕಪ್ಪು, ಬಿಳಿ, ಬೂದು ಬಣ್ಣದ ವಜ್ರಾಕೃತಿಗಳುಳ್ಳ ಕಂಬಳಿಗಳು ಗನಾಡೋದ ಹೆಸರಿನಿಂದ ದೂರದ ಪಟ್ಟಣಗಳಿಗೆ ಹೋದುವು. ಆದರೆ ಮಗ್ಗದ ಮುಂದೆ ತಿಂಗಳುಗಟ್ಟಲೆ ಕುಳಿತ ಸ್ತ್ರೀಯರಲ್ಲಿ ಬಹುಮಂದಿಯ ಹೆಸರನ್ನು ಕೊಂಡವರು ಅರಿಯರು. ಬೇಡಿಕೆ ಕೊಳ್ಳುವವರದು, ಕೈ ಅವರದು. ಕೀರ್ತಿ ಮಾತ್ರ ವರ್ತಕನದಾಯಿತು. ಇದನ್ನು ಮರೆತು ಹಬಲನನ್ನು ಸ್ತುತಿಸುವುದು ನ್ಯಾಯವಲ್ಲ.

ಋಣವು ಆತನನ್ನೂ ಬಿಡಲಿಲ್ಲ. 1914ರಲ್ಲಿ ಸಂಯುಕ್ತ ಸಂಸ್ಥಾನಗಳ ಸೆನೆಟ್ ಸಭೆಯ ಚುನಾವಣೆಗೆ ನಿಂತು ಸೋತು, ಸಾಲದ ಹೊರೆಯನ್ನು ಹೊತ್ತನು. 1930ರಲ್ಲಿ ತೀರಿಕೊಂಡಾಗ, ಅಂಗಡಿಯ ಬಳಿಯ ಗುಡ್ಡದ ಮೇಲೆ, ಹೆಂಡತಿಯ ಮತ್ತು ‘ಬಹು ಕುದುರೆಗಳವನು’ ಎಂಬರ್ಥದ ಹೆಸರಿನ ನವಾಹೋ ಮಿತ್ರನ ಸಮಾಧಿಗಳ ಬಳಿ ಆತನನ್ನು ಹೂಳಿದರು. ಮನೆತನದವರು 1967ರವರೆಗೆ ಅಂಗಡಿಯನ್ನು ನಡೆಯಿಸಿ, ಬಳಿಕ ಅದನ್ನು ರಾಷ್ಟ್ರೀಯ ಉದ್ಯಾನ ಇಲಾಖೆಗೆ ಮಾರಿದರು.

ಲೆಕ್ಕದ ಪುಸ್ತಕದಲ್ಲಿ ಉಣ್ಣೆಯ ತೂಕವಿರಬಹುದು, ಹಿಟ್ಟಿನ ಬೆಲೆಯಿರಬಹುದು. ಸೆರೆಯಿಂದ ಬರಿಗೈಯಲ್ಲಿ ಮರಳಿದ ಜನರು ಮತ್ತೆ ಮಂದೆಯನ್ನು ಬೆಳೆಯಿಸಿ, ಮಗ್ಗ ಹೂಡಿ ನಿಂತ ಶ್ರಮಕ್ಕೆ ಯಾವ ಪುಟದಲ್ಲಿ ಜಮೆ? ಗುಡ್ಡದ ಮೇಲೆ ಒಟ್ಟಿಗಿರುವ ಆ ಸಮಾಧಿಗಳು, ಈ ಲೆಕ್ಕದಲ್ಲಿ ಇಬ್ಬರ ಹೆಸರೂ ಇರಬೇಕೆಂದು ನೆನಪಿಸುತ್ತವೆ.