ಮತದಾರರ ಮನೋಧರ್ಮ ಮತ್ತು ಆಳ್ವಿಕೆಯ ಸ್ವರೂಪ

ಮತ ಹಾಕುವವರ ನಿರ್ಧಾರದ ಹಿಂದಿರುವ ಒಲವು, ಭಯ, ನಿರೀಕ್ಷೆಗಳ ಅಧ್ಯಯನ. ರಾಜ್ಯಶಾಸ್ತ್ರ, ಮನಶ್ಶಾಸ್ತ್ರ ಎರಡಕ್ಕೂ ಸೇರಿದ್ದು. ಪಕ್ಷನಿಷ್ಠೆ, ಸಮುದಾಯ, ಬೆಲೆಯೇರಿಕೆ ಎಲ್ಲ ದೇಶಗಳಲ್ಲೂ ಮತದಾರನನ್ನು ಪ್ರಭಾವಿಸುತ್ತವೆ. ಆಳ್ವಿಕೆಯ ಸ್ವರೂಪದೊಂದಿಗೆ ಎಲ್ಲಕ್ಕಿಂತ ಹೆಚ್ಚು ಬದಲಾಗುವುದು, ತನ್ನ ಮತ ಗುಟ್ಟಾಗಿ ಉಳಿಯುತ್ತದೆಂದು ಆತ ಎಷ್ಟು ನಂಬುತ್ತಾನೆ ಎಂಬುದು.

ಏಕಪಕ್ಷ ಪ್ರಾಬಲ್ಯದ ಪೂರ್ವ ಜರ್ಮನಿ ಇದಕ್ಕೆ ಸ್ಪಷ್ಟ ನಿದರ್ಶನ. ಅಲ್ಲಿ ಮತಪತ್ರದಲ್ಲಿ ಆಳುವ ಪಕ್ಷದ ಹಿಡಿತದಲ್ಲಿದ್ದ ರಾಷ್ಟ್ರೀಯ ರಂಗದ ಒಂದೇ ಪಟ್ಟಿ ಇರುತ್ತಿತ್ತು. ಮತದಾರ ಅದನ್ನು ತೆಗೆದುಕೊಂಡು, ಮಡಚಿ, ಪೆಟ್ಟಿಗೆಗೆ ಹಾಕಿದರೆ ಒಪ್ಪಿಗೆ ಕೊಟ್ಟಂತೆ. ಮತದಾನವನ್ನು ಜನ 'ಚೀಟಿ ಮಡಚುವುದು' ಎಂದೇ ಕರೆಯುತ್ತಿದ್ದರು. ವಿರೋಧಿಸುವವರು ಹೆಸರುಗಳನ್ನೆಲ್ಲ ಹೊಡೆದುಹಾಕಬೇಕಿತ್ತು. ಅದಕ್ಕಾಗಿ ಎಲ್ಲರೆದುರೇ ಎದ್ದು ಮತದಾನದ ಮರೆಗೆ ಹೋಗಬೇಕಿತ್ತು. ಹಾಗೆ ಹೋಗುವುದೇ ಅನುಮಾನಕ್ಕೆ ಕಾರಣವಾಗುತ್ತಿತ್ತು. 1989ರ ಮೇ 7ರ ಸ್ಥಳೀಯ ಚುನಾವಣೆಯಲ್ಲಿ ಪಟ್ಟಿಗೆ ಶೇ. 98.85ರಷ್ಟು ಬೆಂಬಲ ಸಿಕ್ಕಿತೆಂದು ಸರ್ಕಾರ ಘೋಷಿಸಿತು. ಎಣಿಕೆಯನ್ನು ಕಣ್ಣಾರೆ ಕಂಡಿದ್ದ ನಾಗರಿಕರು ಈ ಅಂಕಿಯ ಹಿಂದಿನ ವಂಚನೆಯನ್ನು ಬಯಲಿಗೆಳೆದರು. ಅದು ಬರ್ಲಿನ್ ಗೋಡೆ ಬೀಳುವ ಮುನ್ನಿನ ಪ್ರತಿಭಟನೆಗಳಿಗೆ ಕಿಚ್ಚು ಹಚ್ಚಿತು. 1990ರ ಮಾರ್ಚ್ 18ರ ಮುಕ್ತ ಚುನಾವಣೆಗೆ ಶೇ. 93ಕ್ಕೂ ಹೆಚ್ಚು ಜನ ಬಂದರು. ಹಳೆಯ ಆಳುವ ಪಕ್ಷ ಹೊಸ ಹೆಸರಿನಲ್ಲಿ ನಿಂತು ಪಡೆದದ್ದು ಶೇ. 16.4 ಮಾತ್ರ. ಜನರ ಮನಸ್ಸು ಅಷ್ಟರಲ್ಲಿ ದಿಢೀರನೆ ತಿರುಗಿತೆನ್ನುವುದಕ್ಕಿಂತ, ಒಳಗಿದ್ದದ್ದು ಹೊರಬಂತೆನ್ನುವುದೇ ಸರಿ. ಒಳಗಿನ ಇಷ್ಟವನ್ನು ಬಚ್ಚಿಟ್ಟು ಹೊರಗೆ ಬೇರೆಯದನ್ನು ಆಡುವ ಈ ನಡವಳಿಕೆಯನ್ನು ಅರ್ಥಶಾಸ್ತ್ರಜ್ಞ ಟಿಮುರ್ ಕುರಾನ್ ವಿಸ್ತಾರವಾಗಿ ವಿವರಿಸಿದ್ದಾರೆ.

ಸ್ಪರ್ಧೆಯಿದ್ದೂ ಅಂಜಿಕೆ ಉಳಿದಿರುವ ಕಡೆ ಸಮೀಕ್ಷೆಗಳು ಎಡವುತ್ತವೆ. ನಿಕರಾಗುವಾದಲ್ಲಿ 1990ರ ಚುನಾವಣೆಗೆ ಮುನ್ನ ಹಲವು ಸಮೀಕ್ಷೆಗಳು ಅಧ್ಯಕ್ಷ ಡೇನಿಯಲ್ ಒರ್ಟೆಗಾ ಗೆಲ್ಲುತ್ತಾರೆಂದಿದ್ದವು. ಗೆದ್ದವರು ಅವರ ಎದುರಾಳಿ ವಿಯೊಲೆಟಾ ಚಮೊರೊ. ಆಗ ನಡೆದ ಒಂದು ಪ್ರಯೋಗದಲ್ಲಿ, ಪ್ರಶ್ನೆ ಕೇಳುವವರ ಕೈಯಲ್ಲಿ ಯಾವ ಪಕ್ಷದ ಪೆನ್ನಿದೆ ಎಂಬುದರ ಮೇಲೆ ಜನರ ಉತ್ತರವೇ ಬದಲಾಗಿತ್ತು.

ಭಾರತದ ತುರ್ತು ಪರಿಸ್ಥಿತಿಯ ಅನುಭವ ಇನ್ನೊಂದು ಬಗೆಯದು. 1977ರ ಚುನಾವಣೆಯಲ್ಲಿ ಉತ್ತರಪ್ರದೇಶ, ಬಿಹಾರಗಳಲ್ಲಿ ಕಾಂಗ್ರೆಸ್ ಒಂದು ಲೋಕಸಭಾ ಸ್ಥಾನವನ್ನೂ ಗೆಲ್ಲಲಿಲ್ಲ. ಆದರೆ ಕರ್ನಾಟಕದ 28ರಲ್ಲಿ 26 ಗೆದ್ದಿತು. ಉತ್ತರದ ಹಳ್ಳಿಗಳನ್ನು ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ನಡುಗಿಸಿತ್ತು. ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆಯಿಂದ ಗೇಣಿದಾರರಿಗೆ ಜಮೀನಿನ ಹಕ್ಕು ಸಿಗತೊಡಗಿತ್ತು. ದೆಹಲಿಯ ಆಳ್ವಿಕೆ ಒಂದೇ ಆದರೂ ಮತದಾರ ಅಳೆದದ್ದು ತನ್ನ ಮನೆಬಾಗಿಲಿಗೆ ಬಂದ ಸರ್ಕಾರವನ್ನು.

ಇನ್ನು ಮತದ ಗುಟ್ಟಿನ ವಿಷಯಕ್ಕೆ ಬಂದರೆ, ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಭಾರತದ ಮತದಾರನನ್ನು ಯಾರೂ ಒತ್ತಾಯಿಸುವಂತಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆ ಈ ರಕ್ಷಣೆ ಕೊಟ್ಟಿದೆ. ಆದರೆ ಮತಯಂತ್ರಗಳ ಲೆಕ್ಕ ಮತಗಟ್ಟೆವಾರು ಹೊರಬರುತ್ತದೆ. ವ್ಯಕ್ತಿಯ ಮತ ಗುಟ್ಟಾಗಿದ್ದರೂ ಸಣ್ಣ ಊರೊಂದು ಯಾರ ಪರ ನಿಂತಿತೆಂಬುದು ಎಲ್ಲರಿಗೂ ತಿಳಿಯುತ್ತದೆ. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ ಸಾಧನವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು. ಸರ್ಕಾರ ಅದನ್ನು ಒಪ್ಪಲಿಲ್ಲ.