ಜರ್ಮನಿಯ ಆರೈಕೆ ವಿಮೆ

ಸ್ನಾನ, ಊಟ, ಶೌಚ, ಉಡುಗೆ ತೊಡುಗೆಗಳಂಥ ದಿನನಿತ್ಯದ ಕೆಲಸಗಳಿಗೆ ಇನ್ನೊಬ್ಬರನ್ನು ಅವಲಂಬಿಸಬೇಕಾದವರಿಗಾಗಿ ಜರ್ಮನಿಯಲ್ಲಿ ಜಾರಿಯಲ್ಲಿರುವ ಕಡ್ಡಾಯ ವಿಮೆ. 1995ರ ಜನವರಿ 1ರಂದು ಆರಂಭವಾಯಿತು. ಆರೋಗ್ಯ, ಅಪಘಾತ, ಪಿಂಚಣಿ, ನಿರುದ್ಯೋಗ ವಿಮೆಗಳ ನಂತರ ಬಂದದ್ದರಿಂದ ಇದನ್ನು ಆ ದೇಶದ ಸಾಮಾಜಿಕ ಭದ್ರತೆಯ ಐದನೆಯ ಕಂಬ ಎನ್ನುತ್ತಾರೆ. ಆರೋಗ್ಯ ವಿಮೆ ಇದ್ದಲ್ಲೇ ಇದನ್ನೂ ಹೊಂದಿರಬೇಕು.

ಬಿಸ್ಮಾರ್ಕ್ ಕಾಲದಲ್ಲಿ, 1883ರಲ್ಲಿ ಬಂದ ಆರೋಗ್ಯ ವಿಮೆ ಕಾಯಿಲೆಗೆ ಹಣ ಕೊಡುತ್ತಿತ್ತು. ಕಾಯಿಲೆ ವಾಸಿಯಾಗದೆ ಹಾಸಿಗೆ ಹಿಡಿದವರ ಆರೈಕೆ ಮನೆಯವರ ಪಾಲಿಗೆ ಬೀಳುತ್ತಿತ್ತು. ವೃದ್ಧಾಶ್ರಮ ಸೇರಿದವರ ಉಳಿತಾಯ ಕರಗಿದ ಮೇಲೆ ಸ್ಥಳೀಯ ಆಡಳಿತಗಳ ಬಡವರ ನೆರವೇ ಗತಿ. ಆ ಹೊರೆ ಬೆಳೆದಂತೆ ಸುಧಾರಣೆಯ ಕೂಗೂ ಬೆಳೆಯಿತು. ಅದಕ್ಕೆ ಕನಿಕರದಷ್ಟೇ ಬರಿದಾಗುತ್ತಿದ್ದ ಖಜಾನೆಯೂ ಕಾರಣ ಎನ್ನಬೇಕು.

ಸುಮಾರು 20 ವರ್ಷಗಳ ವಾಗ್ವಾದದ ಬಳಿಕ, ಕಾರ್ಮಿಕ ಸಚಿವ ನಾರ್ಬರ್ಟ್ ಬ್ಲ್ಯೂಮ್ ಅವರ ಪಟ್ಟಿನಿಂದ 1994ರಲ್ಲಿ ಕಾಯಿದೆ ಬಂತು. ವಂತಿಗೆಯಲ್ಲಿ ಅರ್ಧ ತೆರಬೇಕಾದ ಮಾಲೀಕರನ್ನು ಸಮಾಧಾನಪಡಿಸಲು ಪ್ರಾಟೆಸ್ಟೆಂಟರ ಪ್ರಾಯಶ್ಚಿತ್ತ ದಿನದ ಸಾರ್ವತ್ರಿಕ ರಜೆಯನ್ನೇ ಕೈಬಿಡಲಾಯಿತು. ಸ್ಯಾಕ್ಸನಿ ರಾಜ್ಯ ಮಾತ್ರ ಆ ರಜೆಯನ್ನು ಉಳಿಸಿಕೊಂಡಿತು. ಅದಕ್ಕೆ ಬದಲಾಗಿ ಅಲ್ಲಿನ ನೌಕರರು ಇಂದಿಗೂ ಮಾಲೀಕರಿಗಿಂತ ಹೆಚ್ಚು ವಂತಿಗೆ ಕಟ್ಟುತ್ತಾರೆ.

ಮನೆಯಲ್ಲಿನ ಆರೈಕೆಗೆ 1995ರ ಏಪ್ರಿಲ್‌ನಿಂದ, ಆಶ್ರಮವಾಸಕ್ಕೆ 1996ರ ಜುಲೈಯಿಂದ ನೆರವು ಸಿಕ್ಕಿತು. ಸಂಸ್ಥೆಯೊಂದರ ಸೇವೆ ಪಡೆಯಬಹುದು, ಇಲ್ಲವೇ ನಗದು ತೆಗೆದುಕೊಂಡು ಮನೆಯವರಿಂದಲೇ ಆರೈಕೆ ಮಾಡಿಸಿಕೊಳ್ಳಬಹುದು. ಆಗ ಅವಲಂಬನೆಯ ಮೊದಲ ಹಂತದವರಿಗೆ ತಿಂಗಳಿಗೆ ಸೇವೆಯಾದರೆ 750 ಮಾರ್ಕ್‌ವರೆಗೆ, ನಗದಾದರೆ 400 ಮಾರ್ಕ್. ಮೊತ್ತ ಕಡಿಮೆಯಾದರೂ ಹೆಚ್ಚಿನವರು ನಗದನ್ನೇ ಆರಿಸಿಕೊಂಡರು. 2000ದಲ್ಲಿ ಇಂಥದೇ ವಿಮೆ ತಂದ ಜಪಾನ್, ಸೊಸೆಯಂದಿರು ಮನೆಯಲ್ಲೇ ಉಳಿಯುವಂತಾಗುತ್ತದೆ ಎಂಬ ಆಕ್ಷೇಪದಿಂದಾಗಿ ನಗದನ್ನು ಒಪ್ಪಲಿಲ್ಲ.

ಅರ್ಹತೆಯನ್ನು ಅಳೆದ ಬಗೆಯೇ ಈ ವಿಮೆಯ ದೊಡ್ಡ ದೋಷವಾಗಿತ್ತು. ಮೊದಲ ಹಂತಕ್ಕೆ ದಿನಕ್ಕೆ ಕನಿಷ್ಠ 90 ನಿಮಿಷ, ಕೊನೆಯ ಹಂತಕ್ಕೆ 300 ನಿಮಿಷ ನೆರವು ಬೇಕೆಂದು ತೋರಿಸಬೇಕಿತ್ತು. ಕೈಕಾಲು ಗಟ್ಟಿಯಿದ್ದೂ ಮರೆವಿನ ಕಾಯಿಲೆಯಿಂದ ಇಡೀ ದಿನ ಕಾವಲು ಬೇಕಾದವರು ಈ ಲೆಕ್ಕದಲ್ಲಿ ಹಿಂದೆ ಬಿದ್ದರು. ಅಲ್ಲಲ್ಲಿ ತೇಪೆ ಹಾಕಿದರೂ ಪೂರ್ತಿ ಬದಲಾದದ್ದು 2017ರಲ್ಲಿ: ನಿಮಿಷಗಳ ಎಣಿಕೆ ಹೋಗಿ, ವ್ಯಕ್ತಿ ಎಷ್ಟರಮಟ್ಟಿಗೆ ಸ್ವಾವಲಂಬಿ ಎಂದು ನೋಡುವ ಐದು ದರ್ಜೆಗಳು ಬಂದವು.

ಆರಂಭದಲ್ಲಿ ವೇತನದ ಶೇ. 1ರಷ್ಟಿದ್ದ ವಂತಿಗೆ 2025ರಲ್ಲಿ ಶೇ. 3.6ಕ್ಕೆ ಏರಿತು. ಮಕ್ಕಳಿಲ್ಲದವರು 2005ರಿಂದ ಹೆಚ್ಚುವರಿ ಕಟ್ಟುತ್ತಿದ್ದಾರೆ. ವಿಮೆ ಕೊಡುವುದು ಖರ್ಚಿನ ಒಂದು ಭಾಗವನ್ನಷ್ಟೇ. ಉಳಿದದ್ದನ್ನು ಭರಿಸಲಾಗದವರಿಗೆ ಈಗಲೂ ಸರ್ಕಾರದ ಬಡವರ ನೆರವೇ ಆಸರೆ. ಆ ವೆಚ್ಚವನ್ನು 2020ರಿಂದ ವರ್ಷಕ್ಕೆ 1 ಲಕ್ಷ ಯೂರೋಗಿಂತ ಹೆಚ್ಚು ಆದಾಯವಿರುವ ಮಕ್ಕಳಿಂದ ಮಾತ್ರ ವಸೂಲಿ ಮಾಡಲಾಗುತ್ತದೆ.