ಬೋಧನೆಯಿಂದ ಬದುಕಿಗೆ: ಬೌದ್ಧ–ಕ್ರೈಸ್ತ ತೌಲನಿಕ ಅಧ್ಯಯನ ನಡೆದು ಬಂದ ದಾರಿ

1873ರ ಆಗಸ್ಟ್ 26 ಮತ್ತು 28ರಂದು ಶ್ರೀಲಂಕಾದ ಪಾಣದುರದಲ್ಲಿ ಸಾವಿರಾರು ಜನರ ಎದುರು ಒಂದು ವಾದ ನಡೆಯಿತು. ಒಂದು ಕಡೆ ಬೌದ್ಧ ಭಿಕ್ಖು ಮಿಗೆಟ್ಟುವತ್ತೆ ಗುಣಾನಂದ, ಇನ್ನೊಂದು ಕಡೆ ವೆಸ್ಲಿಯನ್ ಪಾದ್ರಿ ಡೇವಿಡ್ ಡಿ ಸಿಲ್ವ. ಆತ್ಮ ಉಂಟೇ, ಸೃಷ್ಟಿಕರ್ತ ಉಂಟೇ, ಯಾರ ಗ್ರಂಥ ನಂಬಲು ಯೋಗ್ಯ ಎಂಬುದು ಚರ್ಚೆಯ ವಿಷಯ. ಎದುರಾಳಿಯನ್ನು ಸೋಲಿಸುವುದೇ ಇಬ್ಬರ ಗುರಿ. ಅದಾದ ನೂರು ವರ್ಷಕ್ಕೆ, 1973ರಲ್ಲಿ, ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅವರ ಪ್ರಶ್ನೆ ಬೇರೆಯೇ ಆಗಿತ್ತು: ದೈವಶಾಸ್ತ್ರ ಓದುತ್ತಿರುವವನು ದಾರಿಯಲ್ಲಿ ಕುಸಿದು ಕೂತವನನ್ನು ಕಂಡರೆ ನಿಲ್ಲುತ್ತಾನೆಯೇ?

ಬೌದ್ಧರ ಮತ್ತು ಕ್ರೈಸ್ತರ ಕರುಣೆ, ಸಹಿಷ್ಣುತೆಗಳನ್ನು ಹೋಲಿಸುವ ಅಧ್ಯಯನ ಕ್ರಮಿಸಿದ್ದು ಈ ಎರಡು ಪ್ರಶ್ನೆಗಳ ನಡುವಿನ ದಾರಿಯನ್ನು. ಗ್ರಂಥದಲ್ಲಿ ಏನಿದೆ ಎಂಬಲ್ಲಿಂದ ಹೊರಟು, ಅದನ್ನು ನಂಬುವವರು ಹೇಗೆ ಬದುಕುತ್ತಾರೆ ಎಂಬಲ್ಲಿಗೆ ಅದು ಬಂದಿದೆ. ಈ ಲೇಖನದ ನಿಲುವನ್ನು ಮೊದಲೇ ಹೇಳುವುದಾದರೆ, ಎರಡೂ ಧರ್ಮಗಳಲ್ಲಿ ಕರುಣೆಯ ಬೋಧನೆಗೆ ಕೊರತೆಯಿಲ್ಲ. ವ್ಯತ್ಯಾಸ ಕಾಣುವುದು ಆ ಬೋಧನೆಯನ್ನು ದಿನನಿತ್ಯದ ರೂಢಿಯಾಗಿಸುವ ಏರ್ಪಾಡಿನಲ್ಲಿ. ಇನ್ನು ಸಹಿಷ್ಣುತೆಯ ನಿಜವಾದ ಪರೀಕ್ಷೆ ನಡೆಯುವುದು ರಾಜ್ಯಾಧಿಕಾರ ಧರ್ಮದ ಪಕ್ಕಕ್ಕೆ ಬಂದು ನಿಂತಾಗ.

ಮೊದಲ ಮುಖಾಮುಖಿಗಳು

ಅನ್ಯಮತ ಸಹಿಷ್ಣುತೆಯನ್ನು ಆಡಳಿತದ ನೀತಿಯಾಗಿ ಕಲ್ಲಿನಲ್ಲಿ ಕೆತ್ತಿಸಿದವನು ಅಶೋಕ. ತನ್ನ ಪಂಥದ ಮೇಲಿನ ಅಭಿಮಾನದಿಂದ ಬೇರೆ ಪಂಥವನ್ನು ಹಳಿಯುವವನು ಕೊನೆಗೆ ಕೆಡಿಸುವುದು ತನ್ನ ಪಂಥವನ್ನೇ ಎಂಬುದು ಅವನ 12ನೆಯ ಶಿಲಾಶಾಸನದ ತಿರುಳು. ಆ ಶಾಸನದ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. 1980ರ ದಶಕದಲ್ಲಿ ಅದು ಬೆಳಕಿಗೆ ಬಂದಾಗ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯಲ್ಲಿ ದೇವಿಯ ಮೂರ್ತಿಗೆ ಪೀಠವಾಗಿತ್ತು.

ಯುರೋಪಿಗೆ ಬುದ್ಧ ಮೊದಲು ಹೋದದ್ದು ವೇಷ ಮರೆಸಿಕೊಂಡು. ರೋಗ, ಮುಪ್ಪು, ಸಾವುಗಳನ್ನು ಕಂಡು ಅರಮನೆ ತೊರೆದ ರಾಜಕುಮಾರನ ಕಥೆ ಮಧ್ಯ ಏಷ್ಯಾ, ಅರಬ್ ನಾಡು, ಜಾರ್ಜಿಯಗಳನ್ನು ದಾಟಿ ಜೋಸಫಾತ್ ಎಂಬ ಕ್ರೈಸ್ತ ಸಂತನ ಕಥೆಯಾಯಿತು. ಬುದ್ಧನ ಬದುಕು ಎಂದು ತಿಳಿಯದೆಯೇ ಮಧ್ಯಯುಗದ ಕ್ರೈಸ್ತರು ಅದನ್ನು ಭಕ್ತಿಯಿಂದ ಓದಿದರು.

ನೇರ ಭೇಟಿ ಇಷ್ಟು ಸೌಮ್ಯವಾಗಿರಲಿಲ್ಲ. 1560ರಲ್ಲಿ ಪೋರ್ಚುಗೀಸರು ಜಾಫ್ನಾದಿಂದ ಬುದ್ಧನ ಹಲ್ಲು ಎಂದು ನಂಬಲಾದ ಅವಶೇಷವನ್ನು ಕೊಳ್ಳೆ ಹೊಡೆದು ಗೋವೆಗೆ ತಂದರು. ಬರ್ಮಾದ ಪೆಗು ಅರಸ ಭಾರಿ ಹಣ ಕೊಟ್ಟು ಬಿಡಿಸಿಕೊಳ್ಳಲು ಮುಂದಾದರೂ ಅವರು ಒಪ್ಪದೆ ಅದನ್ನು ಕುಟ್ಟಿ ಪುಡಿಮಾಡಿ ಸುಟ್ಟರು. ನಿಜವಾದ ದಂತಧಾತು ತಮ್ಮಲ್ಲೇ ಸುರಕ್ಷಿತವಾಗಿದೆ ಎನ್ನುವುದು ಸಿಂಹಳೀಯರ ನಂಬಿಕೆ. ಇದನ್ನು ಕ್ರೈಸ್ತರ ಅಸಹನೆಗೆ ಉದಾಹರಣೆಯಾಗಿ ಕೊಡುವವರು ಜಪಾನಿನ ಕಥೆಯನ್ನೂ ಜೊತೆಗಿಟ್ಟು ನೋಡಬೇಕು. ಅಲ್ಲಿ 17ನೆಯ ಶತಮಾನದಲ್ಲಿ ತೊಕುಗಾವ ಆಡಳಿತ ಕ್ರೈಸ್ತ ಧರ್ಮವನ್ನು ನಿಷೇಧಿಸಿತು. ಮನೆಯಲ್ಲಿ ಯಾರೂ ಕ್ರೈಸ್ತರಲ್ಲ ಎಂದು ಊರಿನ ಬೌದ್ಧ ದೇವಾಲಯದಿಂದ ಪ್ರತಿ ಕುಟುಂಬವೂ ಪ್ರಮಾಣಪತ್ರ ಪಡೆಯಬೇಕಿತ್ತು. ಪ್ರಾಣಿಹಿಂಸೆಯನ್ನೂ ಸಲ್ಲದೆಂದ ಧರ್ಮದ ದೇವಾಲಯಗಳು ಪ್ರಭುತ್ವದ ಬೇಹುಕಚೇರಿಗಳಾದವು. ಆ ನಿಷೇಧದ ಫಲಕಗಳನ್ನು ಸರ್ಕಾರ ತೆಗೆದದ್ದು ಪಾಣದುರದ ವಾದ ನಡೆದ 1873ರಲ್ಲೇ.

ಇಂಥ ಹಗೆತನದ ಕಾಲದಲ್ಲೂ ಎದುರಿನ ಧರ್ಮವನ್ನು ಅದರ ಮನೆಯೊಳಗೇ ಕೂತು ಕಲಿತವನು ಇಟಲಿಯ ಜೆಸ್ಯುಟ್ ಪಾದ್ರಿ ಇಪ್ಪೊಲಿತೊ ದೆಸಿದೇರಿ. 1716ರಲ್ಲಿ ಲಾಸಾ ತಲುಪಿದ ಆತ ಸೆರಾ ವಿಹಾರದಲ್ಲಿದ್ದು ಬೌದ್ಧ ತರ್ಕ ಓದಿ, ಟಿಬೆಟನ್ ಭಾಷೆಯಲ್ಲೇ ಗ್ರಂಥಗಳನ್ನು ಬರೆದ. ಶೂನ್ಯತೆಯನ್ನೂ ಪುನರ್ಜನ್ಮವನ್ನೂ ಖಂಡಿಸಿದ; ಟಿಬೆಟನ್ನರ ಕರುಣೆಯ ಬೋಧನೆಯನ್ನು ಮಾತ್ರ ಮನಸಾರೆ ಮೆಚ್ಚಿದ. ಒಪ್ಪದ ತತ್ವವನ್ನೂ ಪೂರ್ತಿ ತಿಳಿದುಕೊಂಡೇ ವಿರೋಧಿಸಬೇಕು ಎಂಬ ಶಿಸ್ತು ಈ ಅಧ್ಯಯನಕ್ಕೆ ಬಂದದ್ದು ಅವನಂಥವರಿಂದ.

ಎದುರಾಳಿಯಿಂದ ಕಲಿತ ಪಾಠ

ಪಾಣದುರದ ವಾದದ ವರದಿ ಓದಿ ಅಮೆರಿಕದ ಕರ್ನಲ್ ಹೆನ್ರಿ ಆಲ್ಕಾಟ್ 1880ರಲ್ಲಿ ಶ್ರೀಲಂಕಾಕ್ಕೆ ಬಂದರು. ಅವರ ಪ್ರೇರಣೆಯಿಂದ ಮಿಶನ್ ಶಾಲೆಗಳ ಮಾದರಿಯಲ್ಲಿ ಬೌದ್ಧ ಶಾಲೆಗಳು ಎದ್ದವು. ಪೈಪೋಟಿಯಾಗಿ ಶುರುವಾದದ್ದು ಅನುಕರಣೆಯಾಗಿ ಬೆಳೆಯಿತು. ಎದುರಾಳಿಯಿಂದ ಕಲಿಯಬೇಕು ಎಂಬುದನ್ನು ಬಾಯಿಬಿಟ್ಟು ಹೇಳಿದವರು ಡಾ. ಬಿ.ಆರ್. ಅಂಬೇಡ್ಕರ್. 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬರೆದ ಲೇಖನದಲ್ಲಿ, ಭಿಕ್ಖು ಸಂಘ ಸಮಾಜಸೇವೆಯನ್ನು ಕ್ರೈಸ್ತ ಪಾದ್ರಿಗಳಿಂದ, ಅದರಲ್ಲೂ ಜೆಸ್ಯುಟರಿಂದ, ಕಲಿಯಬೇಕು ಎಂದು ಅವರು ವಾದಿಸಿದರು. ಆರು ವರ್ಷದ ನಂತರ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ ಅಂಬೇಡ್ಕರರಿಗೆ ಧ್ಯಾನದಲ್ಲಿ ಮುಗಿದುಹೋಗುವ ಕರುಣೆ ಸಾಕೆನಿಸಿರಲಿಲ್ಲ.

ಅವರು ಬಯಸಿದ ಬಗೆಯ ಕೆಲಸ ನಡೆದದ್ದು ತೈವಾನಿನಲ್ಲಿ. 1966ರಲ್ಲಿ ಹುವಾಲಿಯೆನ್ ಎಂಬಲ್ಲಿದ್ದ ಭಿಕ್ಖುಣಿ ಚೆಂಗ್ ಯೆನ್ ಅವರನ್ನು ಕಾಣಲು ಮೂವರು ಕ್ಯಾಥೊಲಿಕ್ ಕನ್ಯಾಸ್ತ್ರೀಯರು ಬಂದರು. ನೀವು ಸಕಲ ಜೀವಿಗಳ ಕರುಣೆಯ ಮಾತಾಡುತ್ತೀರಿ, ಆದರೆ ಬಡವರಿಗಾಗಿ ನಿಮ್ಮವರು ಕಟ್ಟಿದ ಶಾಲೆ, ಆಸ್ಪತ್ರೆ ಎಲ್ಲಿ ಎಂಬುದು ಅವರ ಪ್ರಶ್ನೆ. ಚೆಂಗ್ ಯೆನ್ ವಾದಕ್ಕೆ ಇಳಿಯಲಿಲ್ಲ. ತಮ್ಮ ಬಳಿಗೆ ಬರುತ್ತಿದ್ದ ಮೂವತ್ತು ಗೃಹಿಣಿಯರಿಗೆ ಒಂದೊಂದು ಬಿದಿರಿನ ಹುಂಡಿ ಕೊಟ್ಟು, ದಿನಾ ತರಕಾರಿ ತರಲು ಹೊರಡುವ ಮೊದಲು ಅದರಲ್ಲಿ ಐವತ್ತು ಸೆಂಟ್ ಹಾಕಲು ಹೇಳಿದರು. ತಿಂಗಳಿಗೊಮ್ಮೆ ಒಟ್ಟಿಗೆ ಕೊಟ್ಟರಾಗದೇ ಎಂದು ಕೇಳಿದವರಿಗೆ, ಕೊಡುವ ಮನಸ್ಸು ದಿನವೂ ಬರಬೇಕು ಎಂದು ಉತ್ತರಿಸಿದರು. ಆ ಚಿಲ್ಲರೆ ಹಣದಿಂದ ಹುಟ್ಟಿದ ತ್ಸು ಚಿ ಸಂಸ್ಥೆ 1986ರಲ್ಲಿ ಹುವಾಲಿಯೆನ್‌ನಲ್ಲಿ ಆಸ್ಪತ್ರೆ ತೆರೆಯಿತು. ಇಂದು ಭೂಕಂಪ, ನೆರೆ ಎಂದರೆ ಹಲವು ದೇಶಗಳಿಗೆ ಧಾವಿಸುತ್ತದೆ. ಪ್ರಶ್ನೆ ಬಂದದ್ದು ಕ್ರೈಸ್ತರಿಂದ; ಉತ್ತರದ ಒಳಗಿರುವುದು ನಿತ್ಯದ ದಾನದಿಂದ ಮನಸ್ಸನ್ನು ಪಳಗಿಸುವ ಬೌದ್ಧ ಕ್ರಮ. ಈ ಕ್ಷೇತ್ರ ಹುಡುಕುತ್ತ ಬಂದದ್ದು ಇಂಥ ಕೊಡು-ಕೊಳ್ಳುವಿಕೆಯನ್ನೇ.

ದೈವಶಾಸ್ತ್ರಜ್ಞರ ಸಂವಾದ

ವಿದ್ವಾಂಸರ ಲೋಕದಲ್ಲಿ ಬಹುಕಾಲ ಒಂದು ಹಣೆಪಟ್ಟಿ ಓಡಾಡುತ್ತಿತ್ತು: ಕ್ರೈಸ್ತರದು ಕ್ರಿಯಾಶೀಲ ಪ್ರೀತಿ, ಬೌದ್ಧರದು ಲೋಕವಿಮುಖ ಅನುಕಂಪ. ಆಲ್ಬರ್ಟ್ ಶ್ವೈಟ್ಜರ್ 1930ರ ದಶಕದಲ್ಲಿ ಭಾರತೀಯ ಚಿಂತನೆಯ ಬಗ್ಗೆ ಬರೆದ ಪುಸ್ತಕ ಈ ಮಾತಿಗೆ ಬಲ ಕೊಟ್ಟಿತು. 1960ರಲ್ಲಿ ಜಪಾನಿಗೆ ಹೋಗಿ ಬಂದ ಕ್ರೈಸ್ತ ದೈವಶಾಸ್ತ್ರಜ್ಞ ಪಾಲ್ ಟಿಲಿಕ್ ಹೋಲಿಕೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಕ್ರೈಸ್ತ ಪ್ರೀತಿ ಎದುರಿನವನನ್ನೂ ಸಮಾಜವನ್ನೂ ಬದಲಿಸಲು ಬಯಸುತ್ತದೆ, ಬೌದ್ಧ ಕರುಣೆ ನೋಯುವವನ ಜೊತೆ ಒಂದಾಗುತ್ತದೆ ಎಂಬುದು ಅವರ ವಿಶ್ಲೇಷಣೆ. ವಿಶ್ಲೇಷಣೆ ಸೊಗಸಾಗಿತ್ತು; ಆದರೆ ವಿಯೆಟ್ನಾಮಿನ ಭಿಕ್ಖುಗಳು ಕೆಲವೇ ವರ್ಷಗಳಲ್ಲಿ ಅದರ ಮಿತಿಯನ್ನು ತೋರಿಸಿಕೊಟ್ಟರು.

1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಇತರ ಧರ್ಮಗಳ ಕುರಿತ ಘೋಷಣೆ ಹೊರಡಿಸಿ, ಬೌದ್ಧ ಧರ್ಮವನ್ನು ಹೆಸರಿಸಿ ಗೌರವಿಸಿತು. ಬಾಗಿಲು ತೆರೆಯಿತು. ಅಮೆರಿಕದ ಜಾನ್ ಕಾಬ್ 1982ರ ಕೃತಿಯಲ್ಲಿ, ಸಂವಾದಕ್ಕೆ ಕೂತ ಇಬ್ಬರೂ ಬದಲಾಗದಿದ್ದರೆ ಅದು ಸಂವಾದವೇ ಅಲ್ಲ ಎಂಬ ನಿಲುವು ತಳೆದರು. ಜಪಾನಿನ ಬೌದ್ಧ ಚಿಂತಕ ಮಸಾವೊ ಅಬೆ, ಕ್ರಿಸ್ತ ತನ್ನನ್ನು ತಾನು ಬರಿದುಮಾಡಿಕೊಂಡ ಎಂಬ ಕ್ರೈಸ್ತ ನಂಬಿಕೆಯನ್ನು ಶೂನ್ಯತೆಯ ಕಣ್ಣಿನಿಂದ ಓದಿದರು. 1987ರಲ್ಲಿ ಅಮೆರಿಕದಲ್ಲಿ ಬೌದ್ಧ–ಕ್ರೈಸ್ತ ಅಧ್ಯಯನಗಳಿಗೇ ಮೀಸಲಾದ ವಿದ್ವತ್ ಸಂಘ ಸ್ಥಾಪನೆಯಾಯಿತು.

ಇವರೆಲ್ಲರಿಗಿಂತ ನೆಲಕ್ಕೆ ಹತ್ತಿರವಾಗಿ ಯೋಚಿಸಿದವರು ಶ್ರೀಲಂಕಾದ ಜೆಸ್ಯುಟ್ ಅಲೋಶಿಯಸ್ ಪಿಯರಿಸ್. ಕೆಲಣಿಯದ ಬಳಿ ತುಲಾನಾ ಸಂಶೋಧನಾ ಕೇಂದ್ರ ಕಟ್ಟಿದ ಅವರು, ಪ್ರಜ್ಞೆ ಮತ್ತು ಪ್ರೀತಿ ಎರಡೂ ಧರ್ಮಗಳಲ್ಲಿ ಇವೆ, ಒಂದೊಂದು ಒಂದೊಂದನ್ನು ಮುಂದೆ ಮಾಡಿದೆ ಅಷ್ಟೇ ಎಂದರು. ಏಷ್ಯಾದ ಬಡತನವನ್ನು ಮರೆತು ಈ ಎರಡನ್ನು ಹೋಲಿಸುವುದು ವ್ಯರ್ಥ ಎಂಬುದು ಅವರ ಖಚಿತ ಮಾತು.

ಹಾದಿ ನೇರವಾಗಿರಲಿಲ್ಲ. 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ತಮ್ಮ ಪುಸ್ತಕದಲ್ಲಿ ಬೌದ್ಧರ ಮುಕ್ತಿಮಾರ್ಗವನ್ನು ಬಹುಮಟ್ಟಿಗೆ ನಕಾರಾತ್ಮಕ ಎಂದು ಕರೆದರು. ಮರುವರ್ಷ ಅವರು ಕೊಲಂಬೊಗೆ ಬಂದಾಗ ಬೌದ್ಧ ಮಹಾಥೇರರು ಭೇಟಿಯನ್ನು ಬಹಿಷ್ಕರಿಸಿದರು. ದಲೈ ಲಾಮಾ ಅದೇ 1994ರಲ್ಲಿ ಲಂಡನ್ನಿನಲ್ಲಿ ಕ್ರೈಸ್ತ ಧ್ಯಾನಿಗಳ ನಡುವೆ ಕೂತು ಸುವಾರ್ತೆಗಳ ಭಾಗಗಳನ್ನು ವ್ಯಾಖ್ಯಾನಿಸಿದರು.

ಯುದ್ಧದ ನಡುವೆ ಸ್ನೇಹ

ವಿಯೆಟ್ನಾಂ ಈ ಚರಿತ್ರೆಯ ತಿರುವು. 1963ರಲ್ಲಿ ಕ್ಯಾಥೊಲಿಕ್ ಅಧ್ಯಕ್ಷ ನ್ಗೊ ದಿನ್ ಜಿಯೆಮ್ ಆಡಳಿತ ಬುದ್ಧ ಜಯಂತಿಗೆ ಬೌದ್ಧ ಧ್ವಜ ಹಾರಿಸದಂತೆ ತಡೆಯಿತು. ಪ್ರತಿಭಟಿಸಿದವರ ಮೇಲೆ ಗುಂಡು ಹಾರಿತು. ಜೂನ್ 11ರಂದು ಭಿಕ್ಖು ಥಿಕ್ ಕ್ವಾಂಗ್ ಡುಕ್ ಸೈಗಾನಿನ ನಡುಬೀದಿಯಲ್ಲಿ ಪದ್ಮಾಸನದಲ್ಲಿ ಕೂತು ಬೆಂಕಿಗೆ ಮೈಯೊಡ್ಡಿದರು.

ಆ ಗಾಯದ ನಂತರವೂ ವಿಯೆಟ್ನಾಮಿನ ಭಿಕ್ಖು ಥಿಕ್ ನ್ಯಾಟ್ ಹನ್ ಕ್ರೈಸ್ತರ ಕಡೆಗೆ ಕೈಚಾಚಿದರು. ಬಾಂಬಿಗೆ ನೆಲಸಮವಾದ ಹಳ್ಳಿಗಳನ್ನು ಮತ್ತೆ ಕಟ್ಟುವ ಯುವಪಡೆಯನ್ನು ಸಂಘಟಿಸಿದ ಅವರು, 1966ರಲ್ಲಿ ಅಮೆರಿಕಕ್ಕೆ ಹೋಗಿ ಕ್ರೈಸ್ತ ಸನ್ಯಾಸಿ ಥಾಮಸ್ ಮರ್ಟನ್ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕಂಡರು. ಮರ್ಟನ್, ನ್ಯಾಟ್ ಹನ್ ಅವರನ್ನು ಸೋದರನೆಂದು ಕರೆದು ಬರೆದರು. ಕಿಂಗ್ ಮರುವರ್ಷ ಅವರ ಹೆಸರನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಿದರು. ಏಪ್ರಿಲ್ 4ರಂದು ನ್ಯೂಯಾರ್ಕಿನ ಚರ್ಚೊಂದರಲ್ಲಿ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದರು. ಲೋಕವಿಮುಖ ಬೌದ್ಧ ಎಂಬ ಹಳೆಯ ಚಿತ್ರ ಇಲ್ಲಿ ಒಡೆಯಿತು. 1968ರಲ್ಲಿ ಧರ್ಮಶಾಲೆಯಲ್ಲಿ ದಲೈ ಲಾಮಾರನ್ನು ಭೇಟಿಯಾದ ಮರ್ಟನ್ ಕೆಲವೇ ವಾರಗಳಲ್ಲಿ ಬ್ಯಾಂಕಾಕಿನಲ್ಲಿ ತೀರಿಕೊಂಡರು. ಅವರು ಆರಂಭಿಸಿದ ಸನ್ಯಾಸಿಗಳ ನಡುವಿನ ಒಡನಾಟ ನಿಲ್ಲಲಿಲ್ಲ.

ಇಂಥದೇ ಒಡನಾಟ ಶ್ರೀಲಂಕಾದಲ್ಲೂ ಇತ್ತು. ಅಲ್ಲಿನ ಬುತ್ತಲದಲ್ಲಿ ಪಾದ್ರಿ ಮೈಕೇಲ್ ರೊಡ್ರಿಗೊ ಬಡ ಬೌದ್ಧ ರೈತರ ನಡುವೆ, ಯಾರನ್ನೂ ಮತಾಂತರಿಸುವ ಉದ್ದೇಶವಿಲ್ಲದೆ, ಭಿಕ್ಖುಗಳ ಜೊತೆಗೂಡಿ ದುಡಿದರು. 1987ರ ನವೆಂಬರ್ 10ರಂದು ಬಲಿಪೂಜೆ ಅರ್ಪಿಸುತ್ತಿದ್ದಾಗ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಪ್ರಯೋಗಶಾಲೆಯ ಉತ್ತರ

ಇನ್ನು 1973ರ ಪ್ರಯೋಗಕ್ಕೆ ಬರೋಣ. ಪ್ರಿನ್ಸ್‌ಟನ್ ಸೆಮಿನರಿಯ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಲಾಯಿತು. ಕೆಲವರ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಸಾಮತಿ. ದಾರಿಯ ಬಾಗಿಲೊಂದರಲ್ಲಿ ಒಬ್ಬ ತಲೆ ಬಗ್ಗಿಸಿ, ಕೆಮ್ಮುತ್ತ, ನರಳುತ್ತ ಕೂತಿದ್ದ. ಬೇಕಾದಷ್ಟು ಸಮಯವಿದ್ದವರಲ್ಲಿ ನೂರಕ್ಕೆ 63 ಮಂದಿ ನೆರವಿಗೆ ನಿಂತರು. ಆಗಲೇ ತಡವಾಗಿದೆ ಎಂದು ಅವಸರಪಡಿಸಿದವರಲ್ಲಿ ನಿಂತದ್ದು ನೂರಕ್ಕೆ 10. ಸಮಾರ್ಯದವನ ಕಥೆಯನ್ನೇ ಮನಸ್ಸಿನಲ್ಲಿಟ್ಟು ಹೊರಟವರಿಗೂ ಬೇರೆ ವಿಷಯದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

2013ರಲ್ಲಿ ಪಾಲ್ ಕಾಂಡನ್, ಡೇವಿಡ್ ಡಿಸ್ಟೆನೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ್ದು ಇನ್ನೊಂದು ದೃಶ್ಯ. ಕಾಯುವ ಕೋಣೆಯಲ್ಲಿ ಮೂರೇ ಕುರ್ಚಿ, ಮೂರೂ ಭರ್ತಿ; ಒಂದರಲ್ಲಿ ಕೂತವರು ಪರೀಕ್ಷೆಗೆ ಒಳಗಾದವರು. ಊರುಗೋಲು ಹಿಡಿದ ಹೆಂಗಸೊಬ್ಬಳು ನೋವಿನಿಂದ ಬಂದು ಗೋಡೆಗೆ ಒರಗುತ್ತಾಳೆ. ಉಳಿದಿಬ್ಬರು, ಅಂದರೆ ಸಂಶೋಧಕರ ಕಡೆಯವರು, ತಲೆ ಎತ್ತುವುದಿಲ್ಲ. ಬೌದ್ಧ ಮೂಲದ ಧ್ಯಾನವನ್ನು ಎಂಟು ವಾರ ಕಲಿತವರಲ್ಲಿ ಸುಮಾರು ಅರ್ಧದಷ್ಟು ಜನ ಎದ್ದು ಜಾಗ ಕೊಟ್ಟರು; ಕಲಿಯದವರಲ್ಲಿ ನೂರಕ್ಕೆ 16 ಮಾತ್ರ. ಇದರಿಂದ ಬೌದ್ಧರೇ ಮೇಲು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಆ ಧ್ಯಾನಿಗಳು ಬೌದ್ಧರೆಂಬ ಕಾರಣಕ್ಕೆ ಆಯ್ಕೆಯಾದವರಲ್ಲ. ಎರಡು ಅಧ್ಯಯನಗಳನ್ನೂ ಸೇರಿಸಿ ಓದಿದರೆ ತಿಳಿಯುವುದಿಷ್ಟು: ಕರುಣೆಯ ಕಥೆ ಗೊತ್ತಿದ್ದರೆ ಸಾಲದು, ಮನಸ್ಸಿಗೆ ಬಿಡುವೂ ಅಭ್ಯಾಸವೂ ಬೇಕು.

ಸಹಿಷ್ಣುತೆಯ ವಿಷಯದಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಮೈಕೇಲ್ ರಾಸ್ 1967ರಲ್ಲೇ ಒಂದು ಭೇದ ತೋರಿಸಿದ್ದರು. ಅಂತಸ್ತಿಗೂ ಗುಂಪಿನ ಆಸರೆಗೂ ಚರ್ಚಿಗೆ ಹೋಗುವವರಲ್ಲಿ ಪೂರ್ವಗ್ರಹ ಹೆಚ್ಚು, ಧರ್ಮವನ್ನು ಒಳಗಿನಿಂದ ಬದುಕುವವರಲ್ಲಿ ಕಡಿಮೆ. ಈ ಮಾತು ಬೌದ್ಧರಿಗೂ ಅನ್ವಯಿಸುತ್ತದೆ ಎಂಬುದಕ್ಕೆ ಮ್ಯಾನ್ಮಾರಿನ 969 ಚಳವಳಿ ಮತ್ತು ಶ್ರೀಲಂಕಾದ ಬೋದು ಬಲ ಸೇನಾ ಸಾಕ್ಷಿ. ಮೈತ್ರಿಯ ಸೂತ್ರ ಪಠಿಸುವ ಬಾಯಿಂದಲೇ ಮುಸ್ಲಿಮರ ವಿರುದ್ಧ ದ್ವೇಷದ ಭಾಷಣ ಬಂತು. ಗೋವೆ, ತೊಕುಗಾವ ಜಪಾನ್, ಸೈಗಾನ್, ಮ್ಯಾನ್ಮಾರ್ ಎಲ್ಲವೂ ಹೇಳುವುದು ಒಂದನ್ನೇ: ರಾಷ್ಟ್ರ ತನ್ನದೇ ಎಂದುಕೊಂಡ ಧರ್ಮ ಮೊದಲು ಕಳೆದುಕೊಳ್ಳುವುದು ಸಹನೆಯನ್ನು.

ನಮ್ಮ ನಾಡಿನಲ್ಲಿ ಆಗಬೇಕಾದ ಕೆಲಸ

ಈ ಅಧ್ಯಯನವನ್ನು ಮುಂದಕ್ಕೆ ಒಯ್ಯಲು ಕರ್ನಾಟಕದಷ್ಟು ಅನುಕೂಲವಾದ ನೆಲ ವಿರಳ. ದೆಸಿದೇರಿ ಓದಿದ ಸೆರಾ ವಿಹಾರ ಇಂದು ಬೈಲಕುಪ್ಪೆಯಲ್ಲಿ ಮರುಹುಟ್ಟು ಪಡೆದಿದೆ. ಟಿಬೆಟನ್ನರ ಇನ್ನೆರಡು ವಿಹಾರಗಳಾದ ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡಿನಲ್ಲಿವೆ. ಅಂಬೇಡ್ಕರರ ದಾರಿ ಹಿಡಿದ ಬೌದ್ಧರು ಕಲಬುರಗಿ ಸೀಮೆಯಲ್ಲಿದ್ದಾರೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಾಲಯ ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕೊಟ್ಟರು; ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಎರಡೂ ಧರ್ಮಗಳ ಜನ ನಮ್ಮ ನೆರೆಯಲ್ಲೇ ಕರುಣೆಯನ್ನು ಕಲಿಯುತ್ತ, ಕಲಿಸುತ್ತ, ಕೆಲವೊಮ್ಮೆ ಮರೆಯುತ್ತ ಬದುಕುತ್ತಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳು ಧರ್ಮಗಳ ಹೋಲಿಕೆಯನ್ನು ಗ್ರಂಥಾಲಯಕ್ಕೆ ಸೀಮಿತಗೊಳಿಸದೆ, ಸಂಶೋಧಕರನ್ನು ಈ ವಿಹಾರಗಳಿಗೂ ಆಸ್ಪತ್ರೆಗಳಿಗೂ ಕೇರಿಗಳಿಗೂ ಕಳಿಸಲಿ. ಅವರು ಕೇಳಬೇಕಾದ ಪ್ರಶ್ನೆಗಳು ಎರಡು: ಇಲ್ಲಿ ಕರುಣೆಯನ್ನು ದಿನವೂ ರೂಢಿಸುವುದು ಹೇಗೆ? ತಮ್ಮವರಲ್ಲದವರಿಗೆ ಇಲ್ಲಿ ಸಿಗುವ ಜಾಗ ಎಷ್ಟು? ಯಾರ ಧರ್ಮ ದೊಡ್ಡದು ಎಂಬ ವಾದಕ್ಕೆ ನೂರೈವತ್ತು ವರ್ಷ ಕೊಟ್ಟಾಗಿದೆ. ಈ ಎರಡು ಪ್ರಶ್ನೆಗಳಿಗೆ ಕನ್ನಡದಲ್ಲಿ ಪ್ರಾಮಾಣಿಕ ಉತ್ತರ ಹುಡುಕುವ ಕೆಲಸವನ್ನು ಈ ತಲೆಮಾರು ಕೈಗೆತ್ತಿಕೊಳ್ಳಬೇಕು.